ಐದರಲ್ಲಿ ಯಾವುದು

ತಾಯಿ ಕಾರ್ಡಿನಲ್ಲಿ ಆರನೇ ವಾರದ ಚೌಕ ಖಾಲಿ.
ಪಕ್ಕದಲ್ಲಿ ಗುರುವಾರ ಅಂತ ಪೆನ್ಸಿಲ್ಲಿನಲ್ಲಿ ಬರೆದು ಹೋದವಳು
ಆಶಾ ಮುನಿನಾಗಮ್ಮ.
ಅಳಿಸಬಹುದಲ್ಲ, ಅನ್ನುತ್ತಾಳೆ ತಸ್ಲೀಮಾ,
ಪೆನ್ಸಿಲ್ಲಲ್ಲವಾ.

ಮಗಳನ್ನು ಗೂಡಿನ ತಕ್ಕಡಿಯಲ್ಲಿ ತೂಗಿದ್ದೆ, ಯಾರಿಗೂ ಹೇಳಬೇಡಿ,
ಖಾಲಿ ಬುಟ್ಟಿಗೆ ಅವಳ ದುಪಟ್ಟಾ ಹಾಸಿ.
ನಾಲ್ಕು ಕಿಲೋಗೆ ನೂರು ಗ್ರಾಂ ಕಮ್ಮಿ.

"ಇಷ್ಟೇ ಇಷ್ಟರಲ್ಲಿ ಐದು ಕಾಯಿಲೆ ಮದ್ದಿಗೆ ಜಾಗ ಎಲ್ಲಿದೆ?
ಒಂದೊಂದಾಗಿ ಹಾಕಿಸೋಣ.
ಇವತ್ತೊಂದು, ಮುಂದಿನ ತಿಂಗಳೊಂದು.
ರಾತ್ರಿ ಮೈ ಸುಟ್ಟರೆ
ಐದರಲ್ಲಿ ಯಾವುದು ಅಂತ ಯಾರನ್ನ ಕೇಳಲಿ?"

ಗಂಟಲುಮಾರಿ. ನಾಯಿಕೆಮ್ಮು. ಧನುರ್ವಾಯು.
ಕಾಮಾಲೆಯಲ್ಲಿ ಒಂದು ಬಗೆ.
ಮೊದಲ ಮೂರರ ಹೆಸರಿಗೇ ಹಲ್ಲಿದೆ,
ಕಣ್ಣಾರೆ ಕಂಡವರು ಇಟ್ಟ ಹೆಸರು:
ಕೂಸಿನ ಬೆನ್ನು ಬಿಲ್ಲಾದದ್ದನ್ನು ಕಂಡವರು,
ತೊಟ್ಟಿಲೊಳಗೆ ಬೊಗಳಿದ್ದನ್ನು ಕೇಳಿದವರು.
ಐದನೆಯದು ಹಿಬ್ ಅಂತೆ.
ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.
ಹೆಸರಿಡುವಷ್ಟು ಹೊತ್ತು ಅದು ನಿಲ್ಲಲಿಲ್ಲವೋ,
ಹೋದ ಮಕ್ಕಳಿಗೆಲ್ಲ ಬರೀ ಜ್ವರ ಅಂದು ಮಣ್ಣು ಮಾಡಿದರೋ.

ನನಗೆ ಗೊತ್ತಿರುವುದು ನೂಲು ಬಿಚ್ಚುವುದು.
ಅದನ್ನೇ ಹೇಳಿದೆ: ಬಿಸಿನೀರಲ್ಲಿ ಎಂಟು ಗೂಡು ಕುಣಿದು
ಎಂಟೆಳೆ ಸೇರಿ ಒಂದು ದಾರ.
ಒಂಟಿ ಎಳೆಗೆ ಉಸಿರು ತಾಗಿದರೂ ಸಾಕು, ಹರೀತು.

ಅವಳೂ ಶಿಡ್ಲಘಟ್ಟದವಳೇ,
ಅವಳಪ್ಪನ ಬೆರಳೂ ಇದೇ ನೀರಲ್ಲಿ ಬೆಂದದ್ದು.
"ಎಂಟರಲ್ಲಿ ಒಂದು ಗಂಟಾದರೆ
ಇಡೀ ಲಡಿ ವಾಪಸ್ ಬರಲ್ವಾ?" ಅಂದಳು.
ಬರುತ್ತೆ. ಹೋದ ರಂಜಾನಿನಲ್ಲಿ ಬಂದಿತ್ತು.
ಹೋಲಿಕೆ ಕೊಟ್ಟವನೇ ಸುಮ್ಮನಾದೆ.

ದಿಬ್ಬೂರಹಳ್ಳಿ ರಸ್ತೆಯ ಡಾಕ್ಟರು ಕನ್ನಡಕ ತೆಗೆದು ಒರೆಸಿದರು.
"ಮೊದಲ ಮೂರನ್ನು ಬಿಡಿಸೋಕಾಗಲ್ಲಮ್ಮ,
ಅವು ಎಷ್ಟೋ ಕಾಲದಿಂದ ಒಂದೇ ಸೀಸೆಯವು.
ನಿನಗೆ ಹಾಕಿದ್ದೂ ಅದೇ."
ತಸ್ಲೀಮಾ ಕೂತಲ್ಲೇ ತೊಡೆ ಮುಟ್ಟಿಕೊಂಡಳು,
ತೋಳಿನ ಹಾಗೆ ಅಲ್ಲಿ ಗುರುತು ಉಳಿದಿಲ್ಲ.
"ಮಿಕ್ಕೆರಡು ಬೇರೆ ಬೇಕಾದರೆ ತರಿಸೋಣ.
ಮೂರು ಸೂಜಿ, ಮೂರು ಸರ್ತಿ."
ಬೆರಳ ಗಿಣ್ಣು ಎಣಿಸಿದಳು. ಒಂಬತ್ತು.
"ಒಂಬತ್ತು ಸಲ ಹಿಡ್ಕೊಳ್ಳೋಳು ನಾನು," ನನ್ನ ಕಡೆ ನೋಡಿ ಅಂದಳು,
"ನೀವು ಬಾಗಿಲಾಚೆ ಇರ್ತೀರ."

ಆದರೂ ಒಪ್ಪಿರಲಿಲ್ಲ.
ಒಪ್ಪಿಸಿದ್ದು ಮುನಿನಾಗಮ್ಮ, ಅದೂ ವಾದ ಮಾಡಿ ಅಲ್ಲ.
ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಕೇಳಿದಳು,
"ಬಿಡಿಬಿಡಿ ಹಾಕಿಸ್ರಿ ಬೇಕಾದ್ರೆ.
ಮಧ್ಯದ ದಿನಗಳನ್ನ ಯಾರು ಕಾಯ್ತೀರ?"
ಬೀದಿಯಲ್ಲಿ ಯಾವುದೋ ಮಗು ಕೆಮ್ಮಿತು.
ಬರೀ ಕೆಮ್ಮು, ಬೇರೇನಲ್ಲ.
ತಸ್ಲೀಮಾ ಬಾಗಿಲು ಮುಂದೆ ಮಾಡಿದಳು.

ಗುರುವಾರ ನಾನು ಬಾಗಿಲಾಚೆ ಇರಲಿಲ್ಲ, ಒಳಗೇ ಇದ್ದೆ,
ಗೋಡೆ ನೋಡುತ್ತ.
ಐದು ಸೇರಿ ಒಂದು ಅಂದುಕೊಂಡಿದ್ದಕ್ಕೆ
ಇನ್ನೊಂದು ತೊಡೆಗೆ ಬೇರೆಯದು, ಬಾಯಿಗೆ ಹನಿ,
ಅವು ನಮ್ಮ ಲೆಕ್ಕದಲ್ಲೇ ಇರಲಿಲ್ಲ.
ಮಗಳು ಬಾಯಿ ತೆರೆದಳು, ಸದ್ದು ಬರಲಿಲ್ಲ,
ಆ ಅರೆಗಳಿಗೆ ಮರೆಯಲಾರೆ,
ಆಮೇಲೆ ಆಸ್ಪತ್ರೆಯೆಲ್ಲ ಅವಳದೇ.

ರಾತ್ರಿ ಮೈ ಬೆಚ್ಚಗಾಯಿತು. ನರ್ಸ್ ಹೇಳಿಯೇ ಇದ್ದಳು.
ತೊಡೆಯಲ್ಲಿ ಹುರುಳಿಕಾಳಿನಷ್ಟು ಗಟ್ಟಿ.
ತಸ್ಲೀಮಾ ಅದರ ಸುತ್ತ ಬೆರಳಾಡಿಸುತ್ತ
ಮೆಲ್ಲಗೆ ಕೇಳುತ್ತಿದ್ದಳು, ನನ್ನನ್ನಲ್ಲ,
ಯಾವುದೇ? ಐದರಲ್ಲಿ ಯಾವುದೇ ಬಂಗಾರಿ?
ಪಕ್ಕದ ಶೆಡ್ಡಿನಲ್ಲಿ ಮೋಟಾರು ಶುರುವಾಗುವ ಹೊತ್ತಿಗೆ
ಇಬ್ಬರೂ ಮಲಗಿದ್ದರು, ಮೈ ತಣ್ಣಗಿತ್ತು,
ಬೇಯುವ ಗೂಡಿನ ನಾತ ಕಿಟಕಿಯಲ್ಲಿ ಬರುತ್ತಿತ್ತು.

ಹತ್ತನೇ ವಾರದ ಚೌಕದ ಪಕ್ಕ ಮತ್ತೆ ಪೆನ್ಸಿಲ್ಲು.
ರಬ್ಬರನ್ನು ಎಲ್ಲಿಟ್ಟಿದ್ದಾಳೋ.
ನಾನು ಕೇಳಿಲ್ಲ.