ನಾಲ್ಕೂವರೆ ಗಂಟೆ

ಬಟ್ಟೆ ಒಗೆಯುವ ಮಷಿನ್ನಿನ ಪಕ್ಕದ ಗೂಡಿನಲ್ಲಿ
ನಮ್ಮ ಮನೆಯ ಸರ್ವರ್:
ಒಂದು ಕರಿ ಡಬ್ಬಿ, ನಾಲ್ಕು ಡಿಸ್ಕು, ನಾಲ್ಕು ಹಸಿರು ಹನಿ.
ಬ್ಯಾಲರಾಟಿನ ಜುಲೈ ಚಳಿಯಲ್ಲಿ
ಇಡೀ ಮನೆಗೆ ಬೆಚ್ಚಗಿರುವುದು ಅದೊಂದೇ.
ಬೆಕ್ಕು ಅದರ ಬೆನ್ನೇರಿ ಮಲಗಿ
ಅರವತ್ತಮೂರು ಸಾವಿರ ಫೋಟೋಗಳಿಗೆ ಕಾವು ಕೊಡುತ್ತದೆ.

ಮಂಗಳವಾರ ಸಂಜೆ ಮೂರನೆಯ ಹನಿ ಕೆಂಪಾಯಿತು.
ಒಳಗೆ ಕಟಕ್, ಕಟಕ್,
ಯಾರೋ ಹಲ್ಲಿನಲ್ಲಿ ಉಗುರು ಕಡಿದ ಸದ್ದು.
ಹೊಸ ಡಿಸ್ಕು ತೂರಿಸಿದೆ.
ಉಳಿದ ಮೂರೂ ಸೇರಿ, ಹೋದದ್ದು ಏನು ಹೇಳುತ್ತಿತ್ತೆಂದು
ಲೆಕ್ಕ ಹಾಕಿ ಹಾಕಿ
ಹೊಸಬನ ಹಣೆಯಲ್ಲಿ ಬರೆಯುತ್ತವಂತೆ.
ಮೂವತ್ತೊಂದು ಗಂಟೆ ಬೇಕು ಎಂದಿತು ಪರದೆ.
ಅಷ್ಟರಲ್ಲಿ ಇನ್ನೊಂದು ಸತ್ತರೆ ಎಲ್ಲ ಹೋದಂತೆಯೇ.
ಕೂತೆ. ಮೂರು ಪಾಳಿಯ ನರ್ಸಿಗೆ
ಕಾಯುವುದು ಹೊಸತಲ್ಲ.

ಡಬ್ಬಿಗೆ ಹೆಚ್ಚು ಕೆಲಸ ಕೊಡಬಾರದೆಂದು
ಚಿತ್ರ ತೆರೆಯದೆ, ಬರೀ ಪಟ್ಟಿ ತೆರೆದೆ: ಹೆಸರು, ತಾರೀಖು, ಗಂಟೆ.
ಮುಕ್ಕಾಲು ಪಾಲು ಚೆನ್ನವೀರನವು.
ಇವನು ತೆಗೆಯುವುದು ಅಂಚೆಡಬ್ಬಿ.
ಹೊಲದ ಬೇಲಿಗೆ ಬಿಗಿದ ಹಾಲಿನ ಕ್ಯಾನು,
ತುಕ್ಕು ಹಿಡಿದ ಗ್ಯಾಸ್ ಸಿಲಿಂಡರು,
ಹೊಟ್ಟೆಯಲ್ಲಿ ಕಾಗದ ಹಾಕಿಸಿಕೊಳ್ಳುವ ತಗಡಿನ ಕಾಂಗರೂ.
ಒಂದೊಂದಕ್ಕೂ ಹದಿನಾಲ್ಕು ಸಲ, ಆ ಕಡೆಯಿಂದ, ಈ ಕಡೆಯಿಂದ,
ಹೆಣ್ಣು ನೋಡಲು ಬಂದವರ ಹಾಗೆ.
ಗಂಟೆ ನೋಡಿದರೆ ಎಲ್ಲವೂ ನಡುರಾತ್ರಿ:
ಒಂದೂವರೆ, ಎರಡು, ಎರಡೂ ನಲವತ್ತು.

ನಡುರಾತ್ರಿಗೆ ಅಷ್ಟು ಬಿಸಿಲೆಲ್ಲಿಂದ?

ಆಮೇಲೆ ಹೊಳೆಯಿತು.
ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಅಂಗಡಿಯವನು
ಹೊಸ ಕ್ಯಾಮೆರಾಕ್ಕೆ ಇಟ್ಟುಕೊಟ್ಟ ಗಂಟೆಯನ್ನು
ಹನ್ನೊಂದು ವರ್ಷ ಇವನು ಮುಟ್ಟಿಲ್ಲ.

ಬೇಕರಿಯಿಂದ ಬಂದು, ಹುಬ್ಬಿಗೆಲ್ಲ ಹಿಟ್ಟು,
ಶೂ ಬಿಚ್ಚುತ್ತ ಹೇಳಿದ:
"ಅದರ ಪಾಡಿಗೆ ಅದು ನಡದೈತಿ, ನಡೀಲಿ ಬಿಡು.
ಫೋಟೋದಾಗ ಗಂಟೆ ಯಾರು ನೋಡತಾರ?"
ಐದು ನಿಮಿಷಕ್ಕೆ ಗೊರಕೆ.

ನಾನು ನೋಡುತ್ತೇನೆ.
ಚಳಿಗಾಲಕ್ಕೆ ನಾಲ್ಕೂವರೆ ಕೂಡಿಸು, ಬೇಸಿಗೆಗೆ ಐದೂವರೆ.
ಅಕ್ಟೋಬರಿನ ಮೊದಲ ಭಾನುವಾರ, ಏಪ್ರಿಲಿನ ಮೊದಲ ಭಾನುವಾರ,
ಇಪ್ಪತ್ತೆರಡು ಗಡಿಗೆ ಇಪ್ಪತ್ತೆರಡು ಗೂಟ ಹೊಡೆದೆ.
ಗದಗಿಗೆ ಹೋದ ಎರಡು ಸಲ ಮಾತ್ರ
ಅಂಗಡಿಯವನ ಗಂಟೆಯೇ ಸರಿ; ಅವನ್ನು ದಾಟಿದೆ.
ಗುರುವಾರ ನಸುಕಿಗೆ ಹನಿ ನಾಲ್ಕೂ ಹಸಿರಾದ ಮೇಲೆ
ಗುಂಡಿ ಒತ್ತಿದೆ.

ಬೇರೆ ಬೇರೆ ರಾತ್ರಿಗಳಲ್ಲಿ ಬಿದ್ದುಕೊಂಡಿದ್ದ
ಇವನ ಚಿತ್ರ, ನನ್ನ ಫೋನಿನ ಚಿತ್ರ
ಜಡೆಯ ಎಳೆಗಳಾಗಿ ಒಂದರೊಳಗೊಂದು ಹೆಣೆದುಕೊಂಡವು.
ಡಿಸೆಂಬರ್, ಆರೂ ಹನ್ನೆರಡು: ವೆಂಡೂರಿ ಕೆರೆಯಲ್ಲಿ ಇವನ ಕರಿಹಂಸ.
ಆರೂ ಹದಿಮೂರು: ಆಸ್ಪತ್ರೆ ಕ್ಯಾಂಟೀನಿನ ನನ್ನ ಚಹಾ.
ಇವನ ಹಾಲಿನ ಕ್ಯಾನು. ನನ್ನ ಊದಿದ ಪಾದ,
ಅಕ್ಕನಿಗೆ ತೋರಿಸಲೆಂದು ತೆಗೆದದ್ದು.
ಒಂದೇ ಮನೆಯಲ್ಲಿ ಪಾಳಿ ತಪ್ಪಿ ಬಾಳಿದವರು ನಾವು.
ನಾನೆದ್ದ ದಿಂಬಿನ ಬಿಸಿ ಆರುವ ಮೊದಲೇ
ಇವನು ತಲೆಯಿಡುತ್ತಿದ್ದ.

ಐದು ವರ್ಷದ ಹಿಂದಿನ ಒಂದು ಜುಲೈ, ಏಳೂ ಹತ್ತು.
ಇವನದು: ಬೀದಿಯಿಂದ ನಮ್ಮ ಮನೆ, ಮಂಜು,
ದೀಪ ಹತ್ತಿದ ಒಂದು ಕಿಟಕಿ.
ಅಂಚೆಡಬ್ಬಿ ಇಲ್ಲ. ಹದಿನಾಲ್ಕಿಲ್ಲ, ಒಂದೇ ಒಂದು.
ನನ್ನದು, ಅದೇ ಏಳೂ ಹತ್ತು:
ಒಳಗಿನಿಂದ ಅದೇ ಗಾಜು, ಅಂಚಿಗೆ ಹಿಮದ ಜರಿ,
ಆಚೆಗೆ ಬೂದಿಬಣ್ಣದ ಒಂದು ಕಲೆ.

ಮಸುಕಾದವನ್ನು ಅಳಿಸಲೇ ಎಂದು ಡಬ್ಬಿ
ಹೋದ ವರ್ಷ ಕೇಳಿದ ಪಟ್ಟಿಯಲ್ಲಿ ಇದೂ ಇತ್ತು.
ಸೋಮಾರಿತನಕ್ಕೆ ಆಮೇಲೆ ಅಂದಿದ್ದೆ.

ಬೆಕ್ಕು ಎದ್ದು ಮೈ ಮುರಿಯಿತು.
ಕೋಣೆಯಲ್ಲಿ ಗೊರಕೆ. ಮೇಜಿನ ಮೇಲೆ ಕ್ಯಾಮೆರಾ.
ಗಂಟೆ ಸರಿ ಮಾಡಲೆಂದೇ ಕೈಗೆತ್ತಿಕೊಂಡೆ.
ಹೊರಗೆ ಬೆಳಕು ಹರಿದಿತ್ತು, ಏಳೂ ನಲವತ್ತು;
ಅದರಲ್ಲಿ ಇನ್ನೂ ಮೂರೂ ಹತ್ತು.
ಹಾಗೇ ಇಟ್ಟೆ.
ಕೂಡಿಸುವುದು ಈಗ ನನಗೆ ಬಾಯಿಪಾಠ.