ಭಾಗಲಬ್ಧ

ಹಂಪನಕಟ್ಟೆಯಲ್ಲಿ, ಕೊಡೆ ರಿಪೇರಿ ಅಂಗಡಿಯ ಮೇಲೆ,
ಮರದ ಮೆಟ್ಟಿಲು ಹತ್ತಿದರೆ ಪಡಿಯಾರರ ಕೋಣೆ.
ಷೇರು ದಲ್ಲಾಳಿ. ಒಂದು ಟೆಲಿಫೋನು, ಉದ್ದನೆಯ ಲೆಕ್ಕದ ಪುಸ್ತಕ,
ಟೈಪ್ ಮಾಡಲು ನಾನು, ಐಡಾ ಲಸ್ರಾದೊ.

ಫಲ್ಗುಣಿ ಹೆಂಚಿನ ಕಂಪನಿಗೆ ಅದರಲ್ಲೊಂದು ಪುಟ:
ಬೆಲೆ, ಗಳಿಕೆ, ಭಾಗಲಬ್ಧ.
ವರ್ಷಕ್ಕೆ ಒಂದೇ ಸಾಲು, ಸೆಕೆಗಾಲದಲ್ಲಿ,
ಬೆವರುವ ಮೊಣಕೈಯಡಿ ಒತ್ತುಕಾಗದ ಇಟ್ಟು ಬರೆಯುತ್ತಿದ್ದರು.

ಬೆಲೆ ನಲುವತ್ತೆರಡು. ಷೇರಿಗೆ ಗಳಿಕೆ ಆರು. ಏಳು.
"ಏಳು ಅಂದರೆ ಎಂತ ಸರ್?"
"ಕಂಪನಿ ಹೀಗೇ ದುಡಿದರೆ, ನೀನು ಕೊಟ್ಟಷ್ಟನ್ನು ಗಳಿಸಲಿಕ್ಕೆ
ಅದಕ್ಕೆ ಏಳು ಮಳೆಗಾಲ ಬೇಕು. ತಾಳ್ಮೆ ಉಂಟಾ?"
ಅಮ್ಮ ಅದೇ ಕಾರ್ಖಾನೆಯ ಅಂಗಳದಲ್ಲಿ ಹಸಿ ಹೆಂಚು ಹೊತ್ತವಳು.
ಅವಳ ಗ್ರಾಚ್ಯುಟಿಯಲ್ಲಿ ಐವತ್ತು ಷೇರು ಕೊಂಡೆವು.

ತೊಂಬತ್ತೆರಡರಲ್ಲಿ ಅರವತ್ತು.
ಆವೆ ಅದೇ, ಮಣ್ಣು ಅದೇ, ಗಳಿಕೆಯೂ ಅದೇ ಆರು.
ಏರಿದ್ದು ಜನರ ಬಾಯಿ.
ಬಂಗುಡೆ ಕಟ್ಟಿಕೊಡುತ್ತಾ ಅಪ್ಪಿ ಕೇಳಿದಳು,
"ಬಾಯಮ್ಮ, ಆ ಹೆಂಚಿಂದು ಇನ್ನೂ ಏರುದಾ?"
ಅರವತ್ತು ಮಳೆಗಾಲದ ಆಚೆ ಯಾರಿರುತ್ತಾರೆ ಎಂದು
ಯಾರೂ ಎಣಿಸಲಿಲ್ಲ. ನಾನೂ.

ಮತ್ತೆ ಒಂಬತ್ತಕ್ಕೆ ಇಳಿಯಿತು, ಎಂಟಕ್ಕೆ.
ಊರಿಗೆ ಟೆರೇಸು ಬಂತು.
ಆಮೇಲೊಂದು ವರ್ಷ ಇದ್ದಕ್ಕಿದ್ದಂತೆ ನಲುವತ್ತು ಎಂದು ಕಂಡು
ಹೊಸ ಹುಡುಗ ತಾರಾನಾಥ, "ನಂಬಿಕೆ ವಾಪಾಸು ಬಂತು ಸರ್" ಎಂದ.
ಪಡಿಯಾರರು ಕನ್ನಡಕ ತೆಗೆದರು:
"ಬೆಲೆ ನೋಡು, ಕದಲಲಿಲ್ಲ. ಗಳಿಕೆ ಬರೀ ಒಂದು ರೂಪಾಯಿ.
ಬಾವಿ ಬತ್ತಿದರೂ ಹಗ್ಗ ಉದ್ದ ಬೇಕಾಗ್ತದೆ ಮಾರಾಯ."

ಮುಂದಿನ ಮೂರು ಸಾಲು ಅಡ್ಡಗೆರೆ.
ನಷ್ಟದಿಂದ ಅವರು ಭಾಗಿಸುತ್ತಿರಲಿಲ್ಲ.
"ಬಾರದ ಬಸ್ಸಿಗೆ ಎಷ್ಟು ಹೊತ್ತು ಕಾಯುದು ಅಂತ ಕೇಳಬಾರದು."

ಆಮೇಲೆ, ಎರಡು.
ಎರಡು! ಮೆಟ್ಟಿಲ ತುಂಬ ಚಪ್ಪಲಿ.
ಹೊಳೆಬದಿಯ ಹನ್ನೊಂದು ಎಕ್ರೆ ಮಾರಿದ ವರ್ಷ ಅದು.
ಷೇರಿಗೆ ಗಳಿಕೆ ನೂರ ಹತ್ತು, ಬೆಲೆ ಇನ್ನೂರ ಇಪ್ಪತ್ತು.
ಪಡಿಯಾರರು ಬೆಲೆ ಬರೆದರು. ಗಳಿಕೆ ಬರೆದರು.
ಪೆನ್ನಿಗೆ ಮುಚ್ಚಳ ಹಾಕಿದರು.
"ಒಲೆ ಮಾರಿದ ದುಡ್ಡನ್ನು ಅಡುಗೆ ಅಂತ ಬಡಿಸುದು ಹೇಗೆ?"

ಆ ಮನೆ ಈಗಲೂ ಖಾಲಿ.
ಎರಡನ್ನು ನಾನು ಮನಸ್ಸಿನಲ್ಲೇ ಬರೆದುಕೊಂಡೆ.
ಅವರಿಗೆ ಹೇಳದೆ, ಕೊಡಿಯಾಲ್‌ಬೈಲಿನ ಇನ್ನೊಬ್ಬ ದಲ್ಲಾಳಿಯಲ್ಲಿ
ನಾನ್ನೂರು ಷೇರು ಕೊಂಡೆ.

ಪುಸ್ತಕ ಈಗ ನನ್ನ ಹತ್ತಿರ. ಕೊನೆಯ ಸಾಲುಗಳು ನನ್ನ ಅಕ್ಷರ,
ಅಕ್ಷರ ಎಂದರೆ ಅಡ್ಡಗೆರೆ, ಅಡ್ಡಗೆರೆ.
ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಮೇಲೊಂದು ಹೆಂಚು ಇಟ್ಟಿದ್ದೇನೆ,
ಅಮ್ಮ ತಂದದ್ದು, ಅಂಚು ಮುಕ್ಕಾಗಿದೆ.
ಮಗುಚಿದರೆ ಕಂಪನಿಯ ಹೆಸರು, ಇಸವಿ,
ಮತ್ತೆ, ಸುಡುವ ಮೊದಲು, ಹಸಿಯಿದ್ದಾಗ,
ಯಾರದೋ ಹೆಬ್ಬೆರಳು ಒತ್ತಿದ ಗುಳಿ.