ಮೂವತ್ತಾರು ಪಾಯಿಂಟ್ ಎರಡು

ರಾತ್ರಿ ಎರಡಕ್ಕೆ ಹಿದ್ದ್ ಊರಿನ ಕಡಲಿಗೆ
ಜ್ವರ ನೋಡುವುದು ನನ್ನ ಕೆಲಸ.
ಸ್ಥಾವರ ನೀರೆಳೆಯುವ ಬಾಯಿಯ ಬಳಿ
ಕಬ್ಬಿಣದ ಮೆಟ್ಟಿಲಿಳಿದು, ಹಗ್ಗಕ್ಕೆ ಕಟ್ಟಿದ ಗಾಜಿನ ಕಡ್ಡಿ ಮುಳುಗಿಸಿ
ಎರಡು ನಿಮಿಷ ಕಾಯುತ್ತೇನೆ.
ಗೋಡೆಯ ಮೀಟರೂ ಇದನ್ನೇ ಹೇಳುತ್ತದೆ, ಆದರೂ
ಕೈಯಲ್ಲಿ ಬರೆದ ಅಂಕಿಯನ್ನೇ ಸಾಹೇಬರು ನಂಬುವುದು.
ಮೂವತ್ತಾರು ಪಾಯಿಂಟ್ ಎರಡು.
ಮನುಷ್ಯನ ಮೈಗಿಂತ ಒಂದು ಕೂದಲು ಕಡಿಮೆ.

ಬಹರೈನಿಗೆ ನದಿಯಿಲ್ಲ.
ನಕಾಶೆಯಲ್ಲಿ ಅಂಚು ಮಾತ್ರ ನೀಲಿ.
ನಾವೇ ಕಡಲನ್ನು ಸೋಸಿ, ಉಪ್ಪು ಕಳೆದು, ಕೊಳವೆಗೆ ಬಿಡುತ್ತೇವೆ.
ಹಾಗೆ ನೋಡಿದರೆ ಇಲ್ಲಿಯ ಹೊಳೆ ಹುಟ್ಟುವುದು
ಹನ್ನೆರಡು ಗಂಟೆಯ ಪಾಳಿಯಲ್ಲಿ.

ಹೊಳೆಯಿಲ್ಲದ ಊರಿಗೆ ದುಡಿಯಲು ಬಂದವರೆಲ್ಲ ಹೊಳೆಯವರು.
ಶಫೀಕುಲ್ ಸುರ್ಮಾ ದಂಡೆಯವ, ಆರು ತಿಂಗಳು ಅವನ ಗದ್ದೆಯೇ ಸರೋವರ.
ರೊಹೆಲಿಯೊನದು ಕಾಗಯಾನ್.
ನೀಲಿ ನೈಲಿನ ಪಕ್ಕದ ಇದ್ರೀಸ್ ಅದನ್ನು ಬಹರ್ ಎನ್ನುತ್ತಾನೆ,
ಅವನ ಮಾತಿನಲ್ಲಿ ಹೊಳೆಗೂ ಕಡಲಿಗೂ ಒಂದೇ ಪದ.
ನಾನು ಗಂಗೊಳ್ಳಿಯ ಮೊಗವೀರ,
ಐದು ಹೊಳೆ ಒಟ್ಟಾಗಿ ಕಡಲ ಕದ ತಟ್ಟುವಲ್ಲಿ ಹುಟ್ಟಿದವ.

ಊಟದ ಹೊತ್ತಿಗೆ ರೊಹೆಲಿಯೊ ಮೊಬೈಲು ಚಾಚುತ್ತಾನೆ:
ಪೆಸಿಫಿಕ್ಕಿನ ನಡುವೆ ಕೆಂಪು ಪಟ್ಟೆ,
ಯಾರೋ ಮೆಣಸಿನ ಪುಡಿ ಚೆಲ್ಲಿ ಒರೆಸಲು ಹೋದಂತೆ.
ಇದು ಹರಡಿದ ವರ್ಷ ನಮ್ಮ ಹೊಳೆಗೆ ಬಡತನ, ಎಂದ.
ನಮ್ಮದಕ್ಕೂ, ಎಂದ ಇದ್ರೀಸ್.
ಶಫೀಕುಲ್ ಮೀನಿನ ಮುಳ್ಳು ಬಿಡಿಸುತ್ತ ಸುಮ್ಮನಿದ್ದ.

ಗುಲಾಬಕ್ಕ ಆ ಕಡಲಿನ ಹೆಸರು ಕೇಳಿದವಳಲ್ಲ.
ಇಳಿತದ ಹೊತ್ತಿಗೆ ಹೊಳೆಗಿಳಿದು
ಕಾಲಿನ ಹೆಬ್ಬೆರಳಲ್ಲಿ ಚಿಪ್ಪು ಹುಡುಕುತ್ತಾಳೆ.
ಹೊಳೆಯ ಮಟ್ಟಕ್ಕೆ ಅವಳ ಮೈಯೇ ಅಳತೆಗೋಲು:
ಹರಡು, ಮೊಣಕಾಲು, ತೊಡೆ. ಅದರಾಚೆ ರಜೆ.
ಹೋದ ವರ್ಷ ಆಟಿ ಕಳೆದರೂ ವಾಯ್ಸ್ ಮೆಸೇಜು ಒಂದೇ:
"ಹ್ವಾಯ್ ತಮ್ಮ, ಮೊಣ್‌ಕಾಲ್ ಮುಟ್ಟಲಿಲ್ಲ. ನೀರ್ ಇನ್ನೂ ಉಪ್ಪೇ ಇತ್ತ್."
ಬಾವಿಗೂ ಉಪ್ಪು ಹತ್ತಿತು, ಗಂಜಿಗೆ ಉಪ್ಪು ಹಾಕುವ ಕೆಲಸ ತಪ್ಪಿತು.
ಚಿಪ್ಪು ಮಾತ್ರ ಕೊಬ್ಬಿದವು.
ಆ ದುಡ್ಡಲ್ಲಿ ಅವಳು ಕಿವಿಗೆ ಓಲೆ ಮಾಡಿಸಿಕೊಂಡಳು.
ಒಣಗಿದ ಹೊಳೆಯ ಓಲೆ, ಎಂದು ನಕ್ಕಳು.

ಈ ವರ್ಷ ನಕಾಶೆಯಲ್ಲಿ ಅರಬ್ಬಿ ಕಡಲೂ ಕೆಂಪು.
ಹತ್ತಿರದ್ದು ಕಾದರೆ ಮೋಡಕ್ಕೆ ಹೊರೆ ಹೆಚ್ಚು;
ಮೂರು ತಿಂಗಳ ಮಳೆ ಮೂರೇ ದಿನಕ್ಕೆ ಬಂದು ಬಾಕಿ ತೀರಿಸುತ್ತದೆಯಂತೆ.
ದೂರದ ಕೆಂಪು ಹಿಡಿದೆಳೆಯುತ್ತದೆ, ಹತ್ತಿರದ ಕೆಂಪು ನೂಕುತ್ತದೆ.
ನಡುವೆ ನಿಂತವಳ ಸೀರೆ ಎಲ್ಲಿವರೆಗೆ ಒದ್ದೆಯಾಗುತ್ತದೋ
ನೋಡಬೇಕು.

ನಾನು ಅಳೆಯುವ ನೀರಿಗೂ ನಮ್ಮ ಹೊಳೆಗೂ ಸಂಬಂಧವಿಲ್ಲ, ಗೊತ್ತು.
ಈ ಕೊಲ್ಲಿ ಕಡಲಿನ ಕಿರುಬೆರಳು.
ಆದರೂ ಜ್ವರ ಬಂದವರ ಬೆರಳನ್ನಾದರೂ
ಹಿಡಿದುಕೊಂಡು ಕೂರುತ್ತೇವಲ್ಲ.

ಗೇಟಿನ ಮುದುಕ ಮರ್ಹೂನ್ ಹೇಳುತ್ತಾನೆ:
ಅವನಜ್ಜ ಮುತ್ತಿಗೆ ಮುಳುಗುವವ,
ಕಡಲ ತಳದ ಬುಗ್ಗೆಯಲ್ಲಿ ತೊಗಲಿನ ಚೀಲಕ್ಕೆ
ಸಿಹಿನೀರು ತುಂಬಿ ಮೇಲೆ ತರುತ್ತಿದ್ದನಂತೆ.
ಉಪ್ಪಿನಡಿಯಲ್ಲಿ ಸಿಹಿ ಹೇಗೆ ಗೊತ್ತಾಗುತ್ತಿತ್ತು, ಕೇಳಿದೆ.
"ಪಾದಕ್ಕೆ ತಣ್ಣಗಾದಲ್ಲಿ ನಿಲ್ಲುತ್ತಿದ್ದ."
ಈಗ?
ಅವನು ಚಹಾದ ಲೋಟ ಕವುಚಿ ಇಟ್ಟ.

ಇವತ್ತು ಮೆಟ್ಟಿಲು ಹತ್ತುವಾಗ ಜೇಬು ಅದುರಿತು.
ಗಂಗೊಳ್ಳಿಯಲ್ಲಿ ನಸುಕು. ಹಿಂದೆ ಮಳೆಯ ಸದ್ದು, ನಾಯಿ ಬೊಗಳು,
ನಡುವೆ ಅಕ್ಕನ ಒಂದೇ ಪದ:
"ಸೊಂಟ."
ಮತ್ತೆ ಮಳೆ.

ಸಿಹಿನೀರು ಹೆಚ್ಚಾದರೆ ಚಿಪ್ಪು ಬಾಯಿಬಿಟ್ಟು ಸಾಯುತ್ತವೆ.
ಓಲೆ ಅಡವಿಗೆ ಹೋದೀತು.
ಅವಳು ದಡದಿಂದ ಮಾತಾಡಿದಳೋ ನೀರಿನಿಂದಲೋ,
ತಿರುಗಿ ಮಾಡಿದರೆ ರಿಂಗು ಹೋಗುತ್ತಲೇ ಇದೆ.

ದಾಖಲೆ ಪುಸ್ತಕದಲ್ಲಿ ಬರೆದೆ: ಮೂವತ್ತಾರು ಪಾಯಿಂಟ್ ಎರಡು.
ಪಕ್ಕದ ಖಾಲಿ ಕಾಲಮಿನಲ್ಲಿ, ಕನ್ನಡದಲ್ಲಿ, ಸೊಂಟ.
ಬೆಳಿಗ್ಗೆ ಸಾಹೇಬರು ಕನ್ನಡಕ ಏರಿಸಿ
ಇದು ಯಾವ ಯೂನಿಟ್ಟು, ಎಂದರು.
ರಬ್ಬರು ಮುಂದೆ ನೂಕಿದರು.
ನಾನು ಪೆನ್ನಿನಲ್ಲಿ ಬರೆದಿದ್ದೆ.